ಜಪ್ರಿಯಾನನ ಬೋರ್ಡು

ನಮ್ಮೂರು ಬಾನ್ಯದಲ್ಲಿ ಜಪ್ರಿಯಾನನ ಗ್ಯಾರೇಜಿನ ಬೋರ್ಡಿನ ಮೇಲೆ ಮೂವತ್ತೊಂದು ವರ್ಷದಿಂದ ಎರಡೇ ಸಾಲು ಇದ್ದವು: ‘ಕಾರು ರಿಪೇರಿ. ಒಂದೇ ಸಲ.’ ಅವನು ಮುಟ್ಟಿದ ಗಾಡಿ ಅದೇ ಕಾಯಿಲೆಗೆ ಮತ್ತೆ ಬರುವುದಿಲ್ಲ ಎಂದು ಅರ್ಥ. ಬರುತ್ತಲೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನಾನು ಹಗಲು ಕಳೆಯುವುದು ಅವನ ಗ್ಯಾರೇಜಿನ ಮುಕ್ಕಾಲಿಯ ಮೇಲೆಯೇ. ಕಾಫಿ ಅವನದು, ಅಭಿಪ್ರಾಯ ನನ್ನದು.

ಆ ಹೆಮ್ಮೆಗೆ ಕುತ್ತು ತಂದದ್ದು ದೋಬ್ರಿನನ ಟ್ಯಾಕ್ಸಿ. ಜರ್ಮನಿಯಲ್ಲಿ ಯಾರೋ ಡಾಕ್ಟರು ಹನ್ನೆರಡು ವರ್ಷ ಓಡಿಸಿ ಕೈಬಿಟ್ಟ ದೊಡ್ಡ ಕಾರು ಅದು. ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ಕೂರುವ ಜಾತಿ. ಪ್ರತಿ ಚಕ್ರದ ಪಕ್ಕ ಬೆಂಕಿಪೊಟ್ಟಣದಷ್ಟು ಒಂದು ಸೆನ್ಸರ್. ಅದರ ಪುಟ್ಟ ತೋಳು ಮೇಲೆ ಕೆಳಗೆ ಆಡುತ್ತ, ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಕಂಪ್ಯೂಟರಿಗೆ ಚಾಡಿ ಹೇಳುತ್ತಿರುತ್ತದೆ. ದೋಬ್ರಿನನ ಗಾಡಿಯಲ್ಲಿ ಹಿಂದಿನ ಎಡಗಡೆಯ ತೋಳು ಸಿಕ್ಕಿಕೊಂಡಿತ್ತು. ಗಾಡಿ ತೀರಾ ಎತ್ತರದಲ್ಲಿದೆ ಎಂದು ಅದು ಹಟ ಹಿಡಿದು ಹೇಳುತ್ತಿತ್ತು, ಕಂಪ್ಯೂಟರು ನಂಬಿ ಗಾಳಿ ಬಿಡುತ್ತಿತ್ತು, ಕಾರು ಸೊಂಟ ಹಿಡಿದವರ ಹಾಗೆ ಒಂದು ಮಗ್ಗುಲಿಗೆ ಕುಸಿಯುತ್ತಿತ್ತು.

ಜನವರಿಯಲ್ಲಿ ಜಪ್ರಿಯಾನ್ ಹೊಸ ಸೆನ್ಸರ್ ಹಾಕಿದ. ಮಾರ್ಚಿನಲ್ಲಿ ಕಾರು ಮತ್ತೆ ಕುಂಟುತ್ತ ಬಂತು. ಸೆನ್ಸರೇ ಕಳಪೆ ಎಂದು ಇನ್ನೊಂದು ತರಿಸಿದ. ಜೂನಿನಲ್ಲಿ ಮೂರನೇ ಸಲ ಬಂದಾಗ ದೋಬ್ರಿನ್ ಏನೂ ಬೈಯಲಿಲ್ಲ, ಬೋರ್ಡಿನ ಕಡೆ ಒಮ್ಮೆ ನೋಡಿದ ಅಷ್ಟೆ. ಬೈದಿದ್ದರೇ ವಾಸಿಯಿತ್ತು. ಮೇಸ್ತ್ರಿಗೆ ಕಣ್ಣು ಹೋಗಿದೆ, ಕೈ ನಡುಗುತ್ತದೆ ಎಂದು ಬ್ರೆಡ್ ಅಂಗಡಿಯ ಸಾಲಿನಲ್ಲಿ ಆಗಲೇ ಮಾತು ಶುರುವಾಗಿತ್ತು. ಇನ್ನೊಂದು ಸಲ ಇದೇ ಕಾಯಿಲೆಗೆ ಈ ಗಾಡಿ ಬಂದರೆ ಬೋರ್ಡು ಇಳಿಸಿ ಬಾಗಿಲು ಹಾಕುತ್ತೇನೆ ಎಂದು ಜಪ್ರಿಯಾನ್ ನನ್ನೆದುರೇ ಅಂದ. ಅವನು ಸುಮ್ಮನೆ ಮಾತಾಡುವವನಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆ ಮುಕ್ಕಾಲಿ ಬಿಟ್ಟರೆ ನನಗೆ ಹೋಗಲು ಬೇರೆ ಜಾಗವಿಲ್ಲ.

ಅವನು ಗಾಡಿಯ ಕೆಳಗೆ ಎರಡು ದಿನ ಮಲಗಿದ. ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿದ, ಸರಿಯಿದ್ದವು. ನಾಲ್ಕೂ ಚಕ್ರದಿಂದ ಮೇಲಿನ ಅಂಚಿನವರೆಗೆ ಟೇಪು ಹಿಡಿದು ಅಳೆದ. ತೋಳಿನ ಕೀಲಿನಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ಹಿಂದಿನ ಎರಡು ಸಲವೂ ಕಟ್ಟಿತ್ತು; ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಂದುಕೊಂಡು ಒರೆಸಿ ಬಿಸಾಕಿದ್ದ.

“ಜೂನಲ್ಲಿ ಯಾವನ್ ಹಾಕ್ತಾನೆ ರಸ್ತೆಗೆ ಉಪ್ಪು?” ಎಂದು ಕೆಳಗಿನಿಂದಲೇ ಕೇಳಿದ. ಬಲಗಡೆಯದು ನೋಡಿದರೆ ಕನ್ನಡಿಯಂತೆ ಚೊಕ್ಕಟ.

ಆಮೇಲೆ ಅವನು ಮಾಡಿದ್ದನ್ನು ಯಾವ ಕಂಪ್ಯೂಟರೂ ಮಾಡಲಾರದು. ಹಕ್ಕಳೆಯ ಒಂದು ಚೂರನ್ನು ಉಗುರಿನಿಂದ ಕಿತ್ತು ನಾಲಿಗೆಯ ಮೇಲಿಟ್ಟುಕೊಂಡ. ಉಪ್ಪಲ್ಲ. ಬಾಯಿ ಚಪ್ಪರಿಸಿ ಇನ್ನೊಂದು ಚೂರು ಕಿತ್ತು ನೆಕ್ಕಿದ. ಊರ ಚೌಕದ ಬಿಸಿನೀರಿನ ಬುಗ್ಗೆಗೆ ಹಾಕಿರುವ ನಲ್ಲಿಯ ರುಚಿ ಅದು. ಅರವತ್ತೇಳು ವರ್ಷದಿಂದ ಅವನು ಕುಡಿಯುತ್ತಿರುವ ನೀರು. ಆ ನೀರು ಕಾಯಿಸಿದ ಪಾತ್ರೆಗೆಲ್ಲ ನಮ್ಮೂರಲ್ಲಿ ಇದೇ ಹಕ್ಕಳೆ. ಕೀಲು ಒರೆಸಿ, ಕೆಲಸ ಮುಗಿದಿಲ್ಲ, ನಾಳೆ ಸಂಜೆ ಮತ್ತೆ ತಾ ಎಂದು ಗಾಡಿಯನ್ನು ದೋಬ್ರಿನನಿಗೆ ಕೊಟ್ಟು ಕಳಿಸಿದ.

ಮಾರನೆಯ ಬೆಳಿಗ್ಗೆ ಇಬ್ಬರೂ ದೋಬ್ರಿನನ ಬೀದಿಗೆ ಹೋಗಿ ಚರ್ಚಿನ ಗೋಡೆಯ ಪಕ್ಕ ನಿಂತೆವು. ದೋಬ್ರಿನ್ ದಿನಾ ಏಳಕ್ಕೆ ಪ್ಲೋವ್ದಿವ್ ನಗರದ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುತ್ತಾನೆ. ಅವನು ಗಾಡಿ ಹತ್ತಿ ಶುರು ಮಾಡಿದ. ಅವನ ತಾಯಿ ಸ್ತೊಯ್ನಾ ತಾಮ್ರದ ಬಿಂದಿಗೆ ಹಿಡಿದು ಬಾಗಿಲಿಗೆ ಬಂದಳು. ಹೊರಟವರ ಹಾದಿಗೆ ನೀರು ಚೆಲ್ಲುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನೀರು ಹರಿದಷ್ಟು ಸಲೀಸಾಗಿ ಹೋಗಿ ಬರಲಿ ಎಂದು. ಬೇರೆಯವರು ಒಂದು ಲೋಟ ಚೆಲ್ಲುತ್ತಾರೆ, ಅದೂ ಮದುವೆಗೋ ಪರೀಕ್ಷೆಗೋ. ಸ್ತೊಯ್ನಾ ಇಡೀ ಬಿಂದಿಗೆ, ಅದೂ ಚೌಕದ ನಲ್ಲಿಯ ಹೊಗೆಯಾಡುವ ಬಿಸಿನೀರನ್ನು, ಮೆಟ್ಟಿಲಿನಿಂದ ಬೀಸಿ ಎಸೆದಳು. ಮೆಟ್ಟಿಲಿಗೆ ಹತ್ತಿರವಿದ್ದದ್ದು ಹಿಂದಿನ ಎಡ ಚಕ್ರ.

ಅವಳು ಯಾಕೆ ಹೀಗೆ ಎಂದು ಊರಿಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ಚೌಕದ ನಲ್ಲಿ ಕೆಟ್ಟು ನಿಂತ ದಿನ ಗಂಡನನ್ನು ನೀರು ಚೆಲ್ಲದೆ ಕಳಿಸಿದ್ದಳು. ಅವನ ಮರ ಸಾಗಿಸುವ ಲಾರಿ ಘಾಟಿಯಲ್ಲಿ ಪ್ರಪಾತಕ್ಕೆ ಬಿತ್ತು.

ವಾಪಸು ಬರುವಾಗ ನನಗೆ ಕುಣಿಯುವಷ್ಟು ಖುಷಿ. ತಪ್ಪು ನಿನ್ನದಲ್ಲ, ಈಗಲೇ ದೋಬ್ರಿನನಿಗೆ ಹೇಳು, ಬ್ರೆಡ್ ಅಂಗಡಿಗೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಜಪ್ರಿಯಾನ್ ಗ್ಯಾರೇಜಿಗೆ ಬಂದು ಜೇಬಿನಿಂದ ಕೀಲಿಕೈ ತೆಗೆದ.

“ಹೇಳಿದ್ರೆ ಅವನು ಬಿಂದಿಗೆ ಕಿತ್ಕೋತಾನೆ,” ಅಂದ ಬೀಗ ತೆಗೆಯುತ್ತ. “ಆಮೇಲೆ ಮಗ ವಾಪಸ್ ಬರೋವರ್ಗೂ ಆ ಯಮ್ಮ ದಿನಾ ಹೊಸ್ತಿಲ ಮೇಲೇ ಕೂತಿರ್ತಾಳೆ. ಅದಕ್ಕೆ ಸ್ಪೇರ್ ಪಾರ್ಟ್ ಸಿಗಲ್ಲ ಕಣಯ್ಯ.”

ಹಳೇ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಆ ಸೆನ್ಸರಿಗೆ ಒಂದು ಮರೆ ಮಾಡಿಟ್ಟ. ಸಂಜೆ ದೋಬ್ರಿನ್ ಗಾಡಿ ತಂದಾಗ ಒಳಕ್ಕೆ ಗ್ರೀಸು ತುಂಬಿ ಅದನ್ನು ಬಿಗಿದ. ಏನಾಗಿತ್ತು ಎಂದು ದೋಬ್ರಿನ್ ಕೇಳಿದ. ಜಪ್ರಿಯಾನ್ ಕೈ ಒರೆಸಿಕೊಳ್ಳುತ್ತ ಅಂದ, “ನಂದೇ ತಪ್ಪು ಕಣಪ್ಪ. ಎರಡ್ ಸಲಾನೂ ತಿರುಗಿಸಿ ಕೂರಿಸ್ಬಿಟ್ಟಿದ್ದೆ.”

ದೋಬ್ರಿನ್ ಮರ್ಯಾದಸ್ಥ, ಪರವಾಗಿಲ್ಲ ಬಿಡಿ ಮೇಸ್ತ್ರಿ ಎಂದ. ಆದರೆ ಬ್ರೆಡ್ ಅಂಗಡಿಯಲ್ಲಿ ಹೇಳಿದ. ಮರುದಿನ ಜಪ್ರಿಯಾನ್ ಏಣಿ ಹಾಕಿ, ಬೋರ್ಡಿನ ಎರಡನೇ ಸಾಲಿಗೆ ಬೂದು ಬಣ್ಣ ಬಳಿದ. ಏಣಿ ಹಿಡಿದುಕೊಂಡವನು ನಾನು. ಅವನ ಮೇಲೆ ನನಗೆ ಆವತ್ತು ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಅಷ್ಟು ಪ್ರೀತಿಯೂ.

ಕಾರು ಆಮೇಲೆ ಕುಸಿಯಲಿಲ್ಲ. ಅಕ್ಟೋಬರಿನಲ್ಲೊಂದು ದಿನ ಸ್ತೊಯ್ನಾ ನಲ್ಲಿಯಿಂದ ಬಿಂದಿಗೆ ಹೊತ್ತುಕೊಂಡು ಬಂದವಳು ಗ್ಯಾರೇಜಿನ ಬಾಗಿಲಲ್ಲಿ ನಿಂತಳು. ಬಣ್ಣ ಬಳಿದ ಬೋರ್ಡನ್ನು ನೋಡಿ, ಅವನನ್ನೂ ನೋಡಿದಳು.

“ಲೋ ಜಪ್ರಿಯಾನ, ನನ್ ಮಗನ ಗಾಡೀನ ಎರಡ್ ಸಲ ಕೆಡಿಸ್ದೆಯಂತೆ. ಮುದುಕ ಆದೆ ಕಣೋ.”

“ಹೌದಕ್ಕ,” ಅಂದ ಅವನು. “ಕಣ್ಣು ಮಂಜು.”

ಅವಳಿಗೆ ಅಯ್ಯೋ ಅನ್ನಿಸಿರಬೇಕು. ಇನ್ನು ಮೇಲಾದರೂ ನಿನ್ನ ಕೈಗೆಲಸ ಸಲೀಸಾಗಲಿ ಎಂದು ಅವನ ಹೊಸ್ತಿಲಿಗೆ ಇಡೀ ಬಿಂದಿಗೆ ಸುರಿದಳು. ನೆಲದ ಮೇಲೆ ಹೊಸ ಸೆನ್ಸರುಗಳ ರಟ್ಟಿನ ಪೆಟ್ಟಿಗೆ ಇತ್ತು. ಜಪ್ರಿಯಾನ್ ಅದನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ದೊಡ್ಡ ಉಪಕಾರವಾಯಿತು ಅಕ್ಕ ಎಂದ.