ನಂಜುಂಡಯ್ಯನವರ ಒಂದೇ ಥಿಯರಿ

ಬೀದಿಯಲ್ಲಿ ಯಾರಾದರೂ ಪಾರ್ಕಿಂಗಿಗೆ ಜಗಳವಾಡಿದರೆ ಪಕ್ಕದ ಮನೆಯ ನಂಜುಂಡಯ್ಯನವರು ಸಂಗೀತ ಕಛೇರಿಗೆ ಬಂದವರಂತೆ ಮುಂದೆ ಹೋಗಿ ನಿಲ್ಲುತ್ತಿದ್ದರು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಕೊಡೆ, ಮುಖದಲ್ಲಿ ಅಪ್ಪಟ ಬ್ಲಿಸ್. ಬಿಡಿಸುತ್ತಿರಲಿಲ್ಲ, ಕೇಳುತ್ತಿದ್ದರು, ಅಷ್ಟೆ.

ಸೈಕಾಲಜಿ ಪ್ರೊಫೆಸರ್ ಆಗಿ ರಿಟೈರ್ ಆಗಿ ಜಯನಗರಕ್ಕೆ ಬಂದವರು. ಅವರದು ಒಂದೇ ಕೊರಗು. ಫಿಸಿಕ್ಸಿನವರಿಗೆ ಸೇಬು ಬೀಳುವುದಕ್ಕೂ ಚಂದ್ರ ತಿರುಗುವುದಕ್ಕೂ ಒಂದೇ ನಿಯಮ. ಮನಸ್ಸಿನವರಿಗೆ ಮಾತ್ರ ಕೋಪಕ್ಕೊಂದು, ಮರೆವಿಗೊಂದು, ಭಯಕ್ಕೊಂದು. “ನಮ್ಮದು ಸೈನ್ಸ್ ಅಲ್ಲ ಮೇಡಂ, ವಠಾರ. ಒಬ್ಬೊಬ್ರದೂ ಒಂದೊಂದು ಒಲೆ,” ಎನ್ನುತ್ತಿದ್ದರು. ಎಲ್ಲವನ್ನೂ ಒಂದು ಮಾಡುವ ಥಿಯರಿಯನ್ನು ತಾವೇ ಕಟ್ಟುತ್ತಿದ್ದರು: ಮನುಷ್ಯನ ಸಕಲ ಸಂಕಟವೂ ನಿರೀಕ್ಷೆಯಿಂದ. ಹಾಗಾದರೆ ಈರುಳ್ಳಿ ಹೆಚ್ಚುವಾಗ ನಾನು ಅಳುವುದೇಕೆ ಎಂದು ಚುಡಾಯಿಸಿದೆ.

“ಅದು ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್,” ಎಂದರು, ನಗದೆ.

ನನ್ನ ಯಜಮಾನರು ಹೋದ ಮೇಲೆ ನಾನು ಗೇಟು ದಾಟುವುದನ್ನೇ ಬಿಟ್ಟೆ. ಕಾಲು ಗಟ್ಟಿಯಾಗಿಯೇ ಇತ್ತು. ಗೇಟಿನ ಹತ್ತಿರ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಪ್ರಾರ್ಥನೆಯಾಗಲಿ ಅಮ್ಮ ಕಲಿಸಿದ ಸ್ತೋತ್ರವಾಗಲಿ ನನ್ನನ್ನು ಆಚೆ ದಾಟಿಸಲಿಲ್ಲ. ನಂಜುಂಡಯ್ಯನವರು ಇಬ್ಬರು ಹಳೆಯ ಸಹೋದ್ಯೋಗಿಗಳನ್ನು ಕರೆತಂದರು. ಒಬ್ಬರು ಇದು ಅಭ್ಯಾಸ ಎಂದರು, ಇನ್ನೊಬ್ಬರು ಬಾಲ್ಯ ಎಂದರು, ಇವರು ನಿರೀಕ್ಷೆ ಎಂದು ಹಟ ಹಿಡಿದರು. ಮೂವರೂ ಒಬ್ಬರನ್ನೊಬ್ಬರು ಖಂಡಿಸುತ್ತ ನನ್ನ ಕೋಡುಬಳೆ ಡಬ್ಬಿ ಖಾಲಿ ಮಾಡಿದರು. ವೆರಿ ಲರ್ನೆಡ್ ಮೆನ್. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಂಜುಂಡಯ್ಯನವರು ಒಬ್ಬರೇ, ಕೈಚೀಲ ಹಿಡಿದು ಗೇಟಿನಾಚೆ ನಿಂತಿದ್ದರು. ಮುಖ ಸಣ್ಣದಾಗಿತ್ತು.

“ಮೇಡಂ, ಥಿಯರಿ ಇನ್ನೂ ರೆಡಿಯಿಲ್ಲ. ಅದು ಆಗೋಷ್ಟರಲ್ಲಿ ಅವರೆಕಾಯಿ ಕಾಲ ಮುಗಿದುಹೋಗುತ್ತೆ. ಬನ್ನಿ, ತರೋಣ.”

ಹೋದೆ. ಅವರ ಕೊಡೆಯ ತುದಿ ಹಿಡಿದುಕೊಂಡು, ನರ್ಸರಿ ಮಗುವಿನ ಹಾಗೆ. ಆಮೇಲೆ ದಿನವೂ ಕರೆದರು. ದಾರಿಯುದ್ದಕ್ಕೂ ಥಿಯರಿ, ತರಕಾರಿ ಆರಿಸುವುದು ನನ್ನ ಪಾಲು.

ಕಳೆದ ವರ್ಷ ಅವರ ಮನೆಯವರ ಜೊತೆ ಆಸ್ಪತ್ರೆಗೆ ಅವರನ್ನು ನೋಡಲು ಹೋದಾಗ, ಉಸಿರು ಸಾಲದಿದ್ದರೂ ಅವರು ಕೇಳಿದ್ದು ಒಂದೇ: ಅಷ್ಟು ಹೆದರುತ್ತಿದ್ದವರು ಆವತ್ತು ಹೇಗೆ ಎದ್ದು ಬಂದಿರಿ?

“ನೀವು ಕರೆದ್ರಿ, ಬಂದೆ.”

“ಇದನ್ನ ಎಲ್ಲಿ ಸೇರಿಸ್ಲಿ ಮೇಡಂ? ನಿರೀಕ್ಷೆ ಒಳಗೆ ಕೂರಲ್ಲವಲ್ಲ.” ನಿಜವಾಗಿಯೂ ಚಿಂತೆಗೆ ಬಿದ್ದಿದ್ದರು, ಪೂರ್ ಮ್ಯಾನ್.

ಅವರು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಚೀಲ ಹಿಡಿದು ಗೇಟಿನ ಬಳಿ ನಿಂತೆ. ಎದೆ ಮತ್ತೆ ಹೊಡೆದುಕೊಂಡಿತು. ಕರೆಯುವವರಿರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಚಿಲಕ ತೆಗೆದೆ.