ವಸಂತನ ಮೂಳೆಗೆ ಒಪ್ಪಿದ ಸೀಟು

ಗುರುವಾರ, ಬೆಳಗಿನ ಆರು ಗಂಟೆ. ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ತಗಡಿನ ಕುಷನ್ ಅಂಗಡಿಯಲ್ಲಿ ಪುಟ್ಟಮಾದಮ್ಮ ಹಲಗೆಯ ಮೇಲೆ ಒದ್ದೆ ಮರಳು ಹರಡಿ ಅಂಗೈಯಿಂದ ತಟ್ಟುತ್ತಾರೆ. "ಕುಂತ್ಕೊ ಮಗ. ಉಸ್ರು ಬುಡು. ಬಿಗಿಯಾಗಿ ಕುಂತ್ರೆ ಸುಳ್ಳು ಅಳತೆ ಬತ್ತದೆ."

ವಸಂತ ಕೂತು ಎದ್ದ ಮೇಲೆ ಮರಳಿನ ತಗ್ಗಿಗೆ ಆಕೆ ಬೆರಳು ಇಳಿಸಿ ನೋಡುತ್ತಾರೆ. ಎಡಕ್ಕೆ ಅರ್ಧ ಬೆರಳು. ಬಲಕ್ಕೆ ಪೂರ್ತಿ ಬೆರಳು. ಮೈಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತಿದೆ.

ವಸಂತ ಕಬಿನಿ ಹಿನ್ನೀರಿನ ಪ್ರವಾಸಿ ಶಿಬಿರವೊಂದರಲ್ಲಿ ಕಯಾಕ್ ಕಲಿಸುವವನು. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಕಳೆದ ವರ್ಷ ಲಾರಿ ಗುದ್ದಿ ಸೊಂಟ ಮುರಿಯಿತು. ಈಗ ಹತ್ತು ನಿಮಿಷ ಕೂತರೆ ಕಾಲು ಜೋಮು ಹಿಡಿಯುತ್ತದೆ. ಶನಿವಾರ ಎರಡು ಗಂಟೆ ದೋಣಿಯಲ್ಲಿ ಕೂತು ತೋರಿಸಿದರೆ ಮಾತ್ರ ಕೆಲಸ ಉಳಿಯುತ್ತದೆ.

ಪುಟ್ಟಮಾದಮ್ಮನ ಗಂಡ ಚಲುವಯ್ಯ ತೀರಿಕೊಂಡು ಈಗ ಒಂಬತ್ತು ವರ್ಷ. ಟ್ರಾಕ್ಟರ್ ಡ್ರೈವರುಗಳನ್ನು ಮರಳಿನ ಮೇಲೆ ಕೂರಿಸಿ ಅಳೆಯುತ್ತಿದ್ದವರು ಅವರು, ಈಕೆ ಹೊಲಿಯುತ್ತಿದ್ದರು. ಈಗ ಎರಡೂ ಈಕೆಯದೇ. ದಿನಕ್ಕೆ ಎರಡು ಸ್ಕೂಟರ್ ಸೀಟು ಬಂದರೆ ಹೆಚ್ಚು. ರೆಡಿಮೇಡ್ ಕವರು ಬಂದ ಮೇಲೆ ಸುಮ್ಮನೆ ಕೂರುವ ದಿನಗಳೇ ಜಾಸ್ತಿ. ಅಂಟಿಸುವ ಸಲ್ಯೂಷನ್ ವಾಸನೆಗೆ ಹತ್ತಿದ ಕೆಮ್ಮು ಬಿಟ್ಟಿಲ್ಲ.

ವಸಂತನಿಗೆ ಮೊದಲು ಮಾಡಿದ ಸೀಟು ಬಸ್ಸಿನದರಂತೆ ಎತ್ತರವಾಗಿ, ಮೆತ್ತಗಿತ್ತು. "ನೋವಿರೋನಿಗೆ ಮೆತ್ತಗಿರ್ಲಿ ಅಂದ್ಕಂಡೆ ಕಣ್ರೀ. ಅದು ನೀರು ಕುಡ್ದು ನೆಂದ ಆಸ್ಗೆ ಆಯ್ತು. ದೋಣಿನೇ ಮಗುಚ್ಕತು, ಪಾಪ," ಎನ್ನುತ್ತಾರೆ ಪುಟ್ಟಮಾದಮ್ಮ.

ಹಾಗಾಗಿ ನೀರು ಕುಡಿಯದ, ಹವಾಯಿ ಚಪ್ಪಲಿ ಕತ್ತರಿಸುವ ರಬ್ಬರ್ ಹಾಳೆಯನ್ನು ಹುಣಸೂರಿನಿಂದ ತರಿಸಿದರು. ತರಿಸಿ ಎರಡು ದಿನ ಮುಟ್ಟಲಿಲ್ಲ. ಕಾಲಿಗೆ ಹಾಕುವುದರ ಮೇಲೆ ಮನುಷ್ಯನನ್ನು ಕೂರಿಸುವುದು ಅಪಶಕುನವೇನೋ ಎಂಬ ಅಳುಕು.

ವಸಂತ ಇವತ್ತು ಅದಕ್ಕೇ ನಗುತ್ತಾನೆ. "ಲಾರಿ ಕೆಳಗೆ ಮಲಗಿ ಎದ್ದೋನು ಕಣ ದೊಡ್ಡವ್ವ. ನಂಗೆ ಇನ್ಯಾವ ಅಪಶಕುನ?"

"ಬಾಯ್ ಮುಚ್ಲಾ," ಎನ್ನುತ್ತಲೇ ಆಕೆ ಹಾಳೆಯ ಸುರುಳಿ ಬಿಚ್ಚುತ್ತಾರೆ.

ನಾಲ್ಕು ಹಾಳೆ ಅಂಟಿಸಿ, ಒಣಗಿಸಿ, ಹ್ಯಾಕ್ಸಾ ಗರಗಸದ ಬ್ಲೇಡಿನಿಂದ ಬಲಗಡೆ ತಗ್ಗು ತೋಡಿ ಉಪ್ಪುಕಾಗದ ಹಿಡಿಯುತ್ತಾರೆ. ಕೂರಿಸುತ್ತಾರೆ, ಎಬ್ಬಿಸುತ್ತಾರೆ, ಮತ್ತೆ ಉಜ್ಜುತ್ತಾರೆ. ಏಳನೆಯ ಸಲ ಕೂತ ವಸಂತ ಹುಟ್ಟು ಹಾಕುವಂತೆ ಎರಡೂ ಕೈ ಆಡಿಸುತ್ತಾನೆ. ಪುಟ್ಟಮಾದಮ್ಮ ಬ್ಲೇಡು ಕೆಳಗಿಡುತ್ತಾರೆ.

ಶನಿವಾರ ಅವನು ಎರಡು ಗಂಟೆ ಹತ್ತು ನಿಮಿಷ ಕೂತ. ಜೋಮು ಹಿಡಿಯಲಿಲ್ಲ. ಆದರೆ ದಡ ಮುಟ್ಟಿದ ಮೇಲೆ ಏಳಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಪ್ರವಾಸಿಗರ ಎದುರು ಇದು ಆಗದು ಎಂದರು ಮ್ಯಾನೇಜರು. ಸೋಮವಾರ ಬೇರೊಬ್ಬನನ್ನು ಸೇರಿಸಿಕೊಂಡರು.

ವಸಂತ ಸೀಟನ್ನು ಅಂಗಡಿಗೆ ತಂದಿಟ್ಟಿದ್ದ. ಹೊಸಬನಿಗೆ ಆ ಸೀಟು ಕೇಳಿಕೊಂಡು ಶಿಬಿರದವರು ಅಂಗಡಿಗೇ ಬಂದರು. ಪುಟ್ಟಮಾದಮ್ಮ ಕೊಡಲಿಲ್ಲ. "ಹೊಸಬ್ರೂ ಬಂದು ಮರಳ ಮೇಲೆ ಕುಂತ್ಕಳ್ಳಿ, ಬೇರೆ ಮಾಡ್ಕೊಡ್ತೀನಿ. ಇದು ಅವ್ರಿಗೆ ಒತ್ತತದೆ."

ಈಗ ಸೀಟಿಗೆ ಹೊಸ ಬಟ್ಟೆಯ ಕವರು ಹೊಲಿಯುತ್ತಿದ್ದಾರೆ. "ವಸಂತ ನಾಳೆಯಿಂದ ಅವ್ರವ್ವನ ಜೊತೆ ಹೊಗೆಸೊಪ್ಪಿನ ಎಲೆ ಇಂಗಡ್ಸಿ ಗ್ರೇಡ್ ಮಾಡಾಕೆ ಓಯ್ತಾನೆ. ದಿನ್ವೆಲ್ಲ ನೆಲದ ಮೇಲೆ ಕುಂತಿರ್ಬೇಕು. ದೋಣಿ ಕೆಲ್ಸ ಹೋದ್ರೂ ಮೂಳೆ ಅದೇ ತಾನೆ," ಎಂದು ಹಲ್ಲಿನಿಂದ ದಾರ ಕಡಿಯುತ್ತಾರೆ. "ಎಬ್ಬಿಸಾಕೆ ಅಲ್ಲಿ ಅವ್ರವ್ವ ಅವ್ಳೆ."