ಮಗ್ಗದ ಎಣ್ಣೆ, ಕಾರಿನ ಬ್ರೇಕು

ಎಪ್ಪತ್ತರ ದಶಕದ ಕೊನೆಯಲ್ಲಿ, ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ ನಾನು ಒಂದು ಹಳೆಯ ಕಾರು ಕೊಂಡೆ. ಬ್ರೇಕು ಒತ್ತಿದರೆ ಮುಂದಿನ ಚಕ್ರಗಳಿಂದ ಕಿರ್ರೆಂಬ ಸದ್ದು. ಓಣಿಯ ಮಂದಿ ನಗುತ್ತಿದ್ದರು, ಅದಕ್ಕೆ ನಾನು ಸೊಪ್ಪು ಹಾಕಲಿಲ್ಲ. ಆದರೆ ಹೆಂಡತಿಗೆ ಒಂಬತ್ತು ತಿಂಗಳು ತುಂಬಿತ್ತು. ಹೆರಿಗೆಗೆ ಬಾಗಲಕೋಟೆಯ ದವಾಖಾನೆಗೆ ಇದೇ ಕಾರಿನಲ್ಲಿ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದೆ.

"ಆ ಸದ್ದು ಕೇಳಿದ್ರ ಎದಿ ಝಲ್ ಅಂತೈತ್ರಿ. ನಾ ಬಸ್ಸಿನ್ಯಾಗ ಹೋಗ್ತೇನಿ," ಎಂದಳು.

ತುಂಬು ಬಸುರಿಯನ್ನು ಬಸ್ಸು ಹತ್ತಿಸುವುದೆ? ಸದ್ದಿನ ಮೂಲ ಹಿಡಿಯದೆ ಬಿಡುವವನಲ್ಲ ಎಂದು ಹಟ ತೊಟ್ಟೆ.

ನಮ್ಮದು ನೇಯ್ಗೆಯ ಮನೆ. ಮಗ್ಗ ಕಿರುಗುಟ್ಟಿದರೆ ಅವ್ವನ ಕೈ ತಾನಾಗಿಯೇ ಎಣ್ಣೆ ಡಬ್ಬಿಗೆ ಹೋಗುತ್ತಿತ್ತು. "ಇದಕ್ಕೂ ನಾಕ್ ಹನಿ ಬಿಡು, ಬಾಯಿ ಮುಚ್ಚತೈತಿ," ಎಂದಳು. ನನಗೂ ಸರಿಯೆನಿಸಿತು. ಬ್ರೇಕಿನ ಸಂದಿಯೊಳಗೆ ಧಾರಾಳವಾಗಿ ಬಿಟ್ಟೆ. ಸದ್ದು ಮಾಯ! ಮೀಸೆ ತಿರುವಿಕೊಂಡು ಒಬ್ಬನೇ ಹುನಗುಂದದ ಕಡೆ ಹೊರಟೆ. ಇಳಿಜಾರಿನಲ್ಲಿ ಒತ್ತಿದರೆ ಸದ್ದೂ ಇಲ್ಲ, ಬ್ರೇಕೂ ಇಲ್ಲ. ಕಾರು ಜಾರುತ್ತ ಹೋಗಿ ಜಾಲಿ ಕಂಟಿಯಲ್ಲಿ ಮೂತಿ ತೂರಿಸಿ ನಿಂತಿತು. ಪಕ್ಕದ ಸೀಟು ನೋಡಿದೆ. ಅವಳು ಕೂತಿದ್ದರೆ? ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಗ್ಗ ಉಜ್ಜದಂತೆ ಎಣ್ಣೆ ಬಿಡುತ್ತೇವೆ. ಬ್ರೇಕು ಉಜ್ಜಿದರೇ ಗಾಡಿ ನಿಲ್ಲುವುದು. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

ಕಾರನ್ನು ಎತ್ತು ಕಟ್ಟಿಸಿ ಮನೆಗೆ ಎಳೆಸಿಕೊಂಡು ಬಂದೆ. ಮರುದಿನ ಅಂಗಡಿ ತೆರೆಯಲಿಲ್ಲ. ಜಾಕು ಕೊಟ್ಟು, ಚಕ್ರ ಬಿಚ್ಚಿ, ಚಕ್ರದೊಂದಿಗೆ ತಿರುಗುವ ಕಬ್ಬಿಣದ ಡ್ರಮ್ಮು ಕಳಚಿದೆ. ಕೆಂಧೂಳು ಎಣ್ಣೆಯೊಂದಿಗೆ ಕೆಸರಾಗಿತ್ತು. ಚಿಂದಿಯಿಂದ ಒರೆಸಿದಾಗ ಕಳ್ಳ ಸಿಕ್ಕ. ಡ್ರಮ್ಮಿಗೆ ಒತ್ತಿಕೊಳ್ಳುವ ಪಟ್ಟಿ ಸವೆದುಹೋಗಿ, ಅದನ್ನು ಹಿಡಿದಿದ್ದ ಹಿತ್ತಾಳೆ ಮೊಳೆಗಳು ಕಬ್ಬಿಣವನ್ನು ಗೀರುತ್ತಿದ್ದವು. ಎಡಕ್ಕೂ ಅದೇ, ಬಲಕ್ಕೂ ಅದೇ. ಅಂದೇ ಬಸ್ಸು ಹಿಡಿದು ಬಾಗಲಕೋಟೆಯಿಂದ ಹೊಸ ಪಟ್ಟಿ ತಂದೆ. ಎಣ್ಣೆಯ ಜಿಡ್ಡು ಉಳಿಯದಂತೆ ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ಮೂರು ಸಲ ತೊಳೆದು ಜೋಡಿಸಿದೆ. ಅವ್ವ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೋಡುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿಗೆ ನೋವು ಕಾಣಿಸಿಕೊಂಡಿತು. ಕಾರಿನ ಬಾಗಿಲು ಹಿಡಿದು ನಿಂತು ಕೇಳಿದಳು: "ಎಣ್ಣಿ ಹಾಕಿಲ್ಲಲ್ರಿ?"

"ಒಂದ್ ಹನಿ ಸೈತ ಇಲ್ಲ."

ಹತ್ತಿದಳು. ಕಮತಗಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಒತ್ತಿದೆ. ಕಾರು ನೆಟ್ಟಗೆ ನಿಂತಿತು, ಆದರೆ ಗೀರುಬಿದ್ದ ಡ್ರಮ್ಮು ಸಣ್ಣಗೆ ಕಿರ್ರೆಂದಿತು. ನನ್ನ ಮುಖ ಕಪ್ಪಿಟ್ಟಿತು. ಇಷ್ಟೆಲ್ಲ ಮಾಡಿಯೂ ಸೋತೆನೆ?

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನೋವಿನಲ್ಲೂ ನಕ್ಕಳು.

"ಕಿರ್ ಅನ್ನಲಿ ಬಿಡ್ರಿ. ನಿಂತೈತಲ್ಲ. ನಡೀರಿ."